ಬರೆ ಬಿರಿದಿದೆ ಎಂದು ಮೊದಲು ಹೇಳುವವರು ಯಾರು?

ಕೊಡಗಿನಲ್ಲಿ ಮನೆ ಕಟ್ಟಲು ಹೊರಟವರು ಹೆಚ್ಚಿನ ಕಡೆ ಮೊದಲು ಗುಡ್ಡ ಕಡಿಯಬೇಕು. ತಗ್ಗಿನ ಸಮ ಜಾಗ ಗದ್ದೆಗೆ ಹೋಗಿದೆ, ಉಳಿದದ್ದು ಇಳಿಜಾರು. ಜೆಸಿಬಿ ಬಂದು ಬರೆಯನ್ನು, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಬದಿಯನ್ನು, ಕಡಿದು ಜಾಗ ಮಟ್ಟ ಮಾಡಿ ಹೋಗುತ್ತದೆ. ಆಮೇಲೆ ಆ ಬರೆಯ ಬುಡದಲ್ಲಿ ನಾಲ್ಕೈದು ಜನ ನಿಂತು ತಡೆಗೋಡೆಗೆ ಪಾಯ ತೋಡುತ್ತಾರೆ. ಹೀಗೆ ತೋಡುವಾಗ ಬರೆ ಕುಸಿದು ಕಾರ್ಮಿಕರು ಮಣ್ಣಿನಡಿ ಸಿಲುಕಿದ ಸುದ್ದಿಗಳನ್ನು ನಾವೆಲ್ಲ ಓದಿದ್ದೇವೆ. ಸುದ್ದಿಯಲ್ಲಿ ಮಳೆಯ ಬಗ್ಗೆ, ಮಣ್ಣಿನ ಬಗ್ಗೆ, ಪರವಾನಗಿಯ ಬಗ್ಗೆ ಬರೆದಿರುತ್ತಾರೆ. ಆ ಬೆಳಿಗ್ಗೆ ಮೇಲಿನಿಂದ ಹುಡಿಮಣ್ಣು ಉದುರುವುದನ್ನು ಯಾರಾದರೂ ಕಂಡಿದ್ದರೇ, ಕಂಡಿದ್ದರೆ ಯಾಕೆ ಬಾಯಿ ಬಿಡಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಕಟ್ಟಡ ಕಾರ್ಮಿಕರ ಮನಸ್ಸಿನ ಆರೋಗ್ಯವನ್ನು ಅರ್ಥ ಮಾಡಿಕೊಳ್ಳಲು ಈ ಪ್ರಶ್ನೆಗಿಂತ ಒಳ್ಳೆಯ ದಾರಿ ನನಗೆ ಕಾಣುತ್ತಿಲ್ಲ. ಬಾಯಿ ಕಟ್ಟುವ ಭಯ ಒಳಗೊಳಗೇ ಮನಸ್ಸನ್ನೂ ತಿನ್ನುತ್ತದೆ. ಕುಗ್ಗಿದ ಮನಸ್ಸು ಮತ್ತಷ್ಟು ಮೌನವಾಗುತ್ತದೆ. ಮಾನಸಿಕ ಆರೋಗ್ಯ, ಮಾನಸಿಕ ಸುರಕ್ಷತೆ ಎಂಬ ಎರಡನ್ನೂ ಬಿಡಿಸಿ ನೋಡೋಣ.

ಮಾನಸಿಕ ಆರೋಗ್ಯ ಒಬ್ಬ ವ್ಯಕ್ತಿಗೆ ಸೇರಿದ್ದು. ಅವನ ನಿದ್ರೆ, ಹಸಿವು, ಉತ್ಸಾಹ, ಗಾಬರಿ, ದುಃಖ, ಕುಡಿತ ಎಲ್ಲ ಅದರೊಳಗೆ ಬರುತ್ತವೆ. ಅದು ಅವನ ಜೊತೆಯಲ್ಲೇ ಊರಿಂದ ಊರಿಗೆ ಪ್ರಯಾಣ ಮಾಡುತ್ತದೆ. ಮಾನಸಿಕ ಸುರಕ್ಷತೆ ಕೆಲಸದ ಜಾಗಕ್ಕೆ ಸೇರಿದ್ದು. ‘ಇದು ಸರಿ ಕಾಣುತ್ತಿಲ್ಲ’, ‘ನನಗೆ ಅರ್ಥವಾಗಲಿಲ್ಲ’, ‘ನನ್ನಿಂದ ತಪ್ಪಾಯಿತು’, ‘ಇವತ್ತು ನನ್ನಿಂದ ಆಗುವುದಿಲ್ಲ’ ಎಂಬ ಮಾತುಗಳನ್ನು ಬೈಗುಳಕ್ಕೆ, ನಗೆಪಾಟಲಿಗೆ, ಕೂಲಿ ಕಡಿತಕ್ಕೆ ಹೆದರದೆ ಅಲ್ಲಿ ಹೇಳಬಹುದೇ? ಹೇಳಬಹುದಾದರೆ ಆ ಜಾಗ ಸುರಕ್ಷಿತ. ಒಬ್ಬನೇ ಮನುಷ್ಯ ಒಬ್ಬ ಮೇಸ್ತ್ರಿಯ ಬಳಿ ಬಾಯ್ತುಂಬ ಮಾತನಾಡುತ್ತಾನೆ, ಇನ್ನೊಬ್ಬರ ಬಳಿ ಇಡೀ ಬೇಸಿಗೆ ತಲೆ ತಗ್ಗಿಸಿ ದುಡಿದು ಹೋಗುತ್ತಾನೆ.

ಈ ವಿಚಾರವನ್ನು ಜಗತ್ತಿನ ಗಮನಕ್ಕೆ ತಂದದ್ದು ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್. 1990ರ ದಶಕದಲ್ಲಿ ಅವರು ಆಸ್ಪತ್ರೆಗಳಲ್ಲಿ ಔಷಧ ಕೊಡುವಾಗ ಆಗುವ ತಪ್ಪುಗಳನ್ನು ಎಣಿಸುತ್ತಿದ್ದರು. ಒಳ್ಳೆಯ ತಂಡಗಳಲ್ಲಿ ತಪ್ಪು ಕಡಿಮೆ ಇರಬೇಕು ಎಂಬುದು ಅವರ ಊಹೆ. ಲೆಕ್ಕ ತಿರುಗುಮುರುಗಾಗಿ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು. ಕೆದಕಿ ನೋಡಿದಾಗ ತಿಳಿದದ್ದು, ಆ ತಂಡಗಳಲ್ಲಿ ತಪ್ಪನ್ನು ಹೇಳಿಕೊಳ್ಳಲು ಜನ ಹೆದರುತ್ತಿರಲಿಲ್ಲ, ಉಳಿದ ಕಡೆ ಮುಚ್ಚಿಡುತ್ತಿದ್ದರು ಎಂಬುದು. ತಂಡದ ಈ ಗುಣವನ್ನು ಅವರು 1999ರ ಪ್ರಬಂಧದಲ್ಲಿ ವಿವರಿಸಿದರು. ನಮ್ಮ ನಿವೇಶನಗಳಿಗೆ ಇದನ್ನು ಹೊಂದಿಸಿ ನೋಡಿ. ‘ನಮ್ಮ ಸೈಟಿನಲ್ಲಿ ಒಂದು ದೂರೂ ಇಲ್ಲ’ ಎಂದು ಗುತ್ತಿಗೆದಾರರು ಹೇಳಿದರೆ ಅದನ್ನು ಒಳ್ಳೆಯ ಸುದ್ದಿ ಎಂದು ತಿಳಿಯಲು ನನಗೆ ಧೈರ್ಯವಾಗುವುದಿಲ್ಲ.

ಎಷ್ಟು ದೊಡ್ಡ ಸಮಸ್ಯೆ ಇದು? ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ರಲ್ಲಿ ದೇಶದಾದ್ಯಂತ 1,70,924 ಆತ್ಮಹತ್ಯೆಗಳನ್ನು ದಾಖಲಿಸಿತು. ಅವರಲ್ಲಿ ದಿನಗೂಲಿಯವರ ಪಾಲು ಶೇ. 26ಕ್ಕೂ ಹೆಚ್ಚು. 2014ರಲ್ಲಿ ಅದು ಶೇ. 12ರ ಆಸುಪಾಸಿನಲ್ಲಿತ್ತು. ಗಾರೆ ಕೆಲಸದವರು, ಕಂಬಿ ಕಟ್ಟುವವರು, ಹೋಟೆಲಿನವರು, ಹಮಾಲಿಗಳು ಎಲ್ಲರೂ ದಿನಗೂಲಿ ಎಂಬ ಒಂದೇ ಪಟ್ಟಿಯೊಳಗೆ ಸೇರಿಹೋಗುತ್ತಾರೆ. ವೃತ್ತಿವಾರು ಲೆಕ್ಕವಿರುವ ಇಂಗ್ಲೆಂಡಿನಲ್ಲಿ 2011ರಿಂದ 2015ರವರೆಗಿನ ಸಾವುಗಳನ್ನು ವಿಂಗಡಿಸಿದಾಗ, ಕಟ್ಟಡ ಕೆಲಸದ ಕೂಲಿಯಾಳುಗಳ ಆತ್ಮಹತ್ಯೆಯ ಪ್ರಮಾಣ ಅಲ್ಲಿನ ಗಂಡಸರ ಸರಾಸರಿಗಿಂತ ಸುಮಾರು ಮೂರು ಪಟ್ಟು ಇತ್ತು. ನಮ್ಮ ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ವಯಸ್ಕರಲ್ಲಿ ಶೇ. 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ಕಾಯಿಲೆ ಇದೆ ಎಂದು ಕಂಡುಕೊಂಡಿತು. ಕಾಯಿಲೆಯ ಬಗೆಯನ್ನು ಅವಲಂಬಿಸಿ ಶೇ. 70ರಿಂದ 92ರಷ್ಟು ಜನರಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ.

ಕಾಯಿಲೆ ಎಲ್ಲರಿಗೂ ಬರಬಹುದು. ಈ ಕೆಲಸದಲ್ಲಿ ಅದನ್ನು ಬೆಳೆಸುವ ಕಾರಣಗಳೇನು ಎಂಬುದೇ ಇಲ್ಲಿ ಮುಖ್ಯ. ಕೊಡಗಿನಲ್ಲಿ ಆ ಕಾರಣಗಳಿಗೆ ತಮ್ಮದೇ ಒಂದು ಆಕಾರವಿದೆ.

ಮಳೆಯ ಲೆಕ್ಕ, ಮುಂಗಡದ ಲೆಕ್ಕ

ಇಲ್ಲಿ ಗಾರೆ ಕೆಲಸದ ವರ್ಷ ಚಿಕ್ಕದು. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. 2018ರ ಆಗಸ್ಟ್‌ನ ಭೂಕುಸಿತಗಳ ನಂತರ ಮಳೆಗಾಲದಲ್ಲಿ ಮಣ್ಣು ಅಗೆಯುವುದಕ್ಕೆ ಜಿಲ್ಲಾಡಳಿತ ನಿರ್ಬಂಧ ಹೇರುವುದೂ ಉಂಟು, ಅದು ಸರಿಯಾದ ಕ್ರಮವೇ. ಕಕ್ಕಡದ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳ ಮಳೆಯಲ್ಲಿ ಯಾರೂ ಕಾಂಕ್ರೀಟ್ ಹಾಕುವುದಿಲ್ಲ. ಆ ನಾಲ್ಕು ತಿಂಗಳು ಕಾರ್ಮಿಕನ ಹೊಟ್ಟೆಗೆ ಮಾತ್ರ ರಜೆ ಇರುವುದಿಲ್ಲ. ಆಗ ಮೇಸ್ತ್ರಿಯಿಂದಲೋ ಗುತ್ತಿಗೆದಾರರಿಂದಲೋ ಮುಂಗಡ ತೆಗೆದುಕೊಳ್ಳುತ್ತಾನೆ. ಮಳೆ ನಿಂತು ಕೆಲಸ ಶುರುವಾದಾಗ ಅವನು ದುಡಿಯುವುದು ಮುಂದಿನ ದಿನಗಳಿಗಾಗಿ ಅಲ್ಲ, ಆಗಲೇ ತಿಂದು ಮುಗಿಸಿದ ದಿನಗಳಿಗಾಗಿ.

ಈ ಮುಂಗಡವೇ ಅವನ ಬಾಯಿಗೆ ಹಾಕಿದ ಬೀಗ. ಬಾಕಿ ಇರುವವನು ಕೆಲಸ ಬಿಟ್ಟು ಹೋಗಲಾರ. ಬಿಟ್ಟು ಹೋಗಲಾರದವನು ಎದುರು ಮಾತನಾಡಲಾರ. ಮಣ್ಣು ಉದುರುವುದನ್ನು ಕಂಡು ‘ಇಲ್ಲಿ ನಿಲ್ಲುವುದಿಲ್ಲ’ ಎನ್ನಬೇಕಾದರೆ, ‘ಹಾಗಾದರೆ ಬಾಕಿ ತೀರಿಸಿ ಹೋಗು’ ಎಂಬ ಉತ್ತರವನ್ನು ಎದುರಿಸುವ ಶಕ್ತಿ ಇರಬೇಕು.

ಹಣದ ಚಿಂತೆ ಮನಸ್ಸಿನೊಳಗೆ ಮಾಡುವ ಕೆಲಸವನ್ನು ಸಂಶೋಧಕರು ಅಳೆದಿದ್ದಾರೆ. ತಮಿಳುನಾಡಿನ ಕಬ್ಬು ಬೆಳೆಗಾರರನ್ನು ಕೊಯ್ಲಿಗೆ ಮುಂಚೆ, ಕೈ ಬರಿದಾಗಿದ್ದಾಗ ಒಮ್ಮೆ, ಕೊಯ್ಲಿನ ನಂತರ ಇನ್ನೊಮ್ಮೆ ಬುದ್ಧಿಯ ಪರೀಕ್ಷೆಗೆ ಒಡ್ಡಿದರು. ಅದೇ ರೈತರು, ಅದೇ ಪರೀಕ್ಷೆ. ಹಣ ಕೈಗೆ ಬಂದ ಮೇಲೆ ಫಲಿತಾಂಶ ಉತ್ತಮವಾಗಿತ್ತು. ಇದು 2013ರಲ್ಲಿ ಪ್ರಕಟವಾಯಿತು. ಒಡಿಶಾದಲ್ಲಿ ಎಲೆಯ ತಟ್ಟೆ ಮಾಡುವ ಕೂಲಿಕಾರರ ಮೇಲೆ ನಡೆದ ಇನ್ನೊಂದು ಅಧ್ಯಯನದಲ್ಲಿ, ಕೆಲವರಿಗೆ ಕೂಲಿಯ ಒಂದು ಭಾಗವನ್ನು ಗಡುವಿಗೆ ಮುಂಚೆಯೇ ಕೊಟ್ಟರು. ಅವರು ಸಾಲ ತೀರಿಸಿದರು. ಕೂಲಿಯ ದರ ಒಂದು ಪೈಸೆಯೂ ಹೆಚ್ಚಾಗಿರಲಿಲ್ಲ, ಆದರೂ ಅವರ ಕೈಯಿಂದ ಹೆಚ್ಚು ತಟ್ಟೆಗಳು ಹೊರಬಂದವು, ಅಜಾಗರೂಕತೆಯ ತಪ್ಪುಗಳು ಕಡಿಮೆಯಾದವು. ಎಲೆಯ ತಟ್ಟೆಯಲ್ಲಿ ತಪ್ಪಾದರೆ ಒಂದು ಎಲೆ ಹಾಳು. ಎರಡನೇ ಅಂತಸ್ತಿನಲ್ಲಿ ನಿಂತು ಕೆಲಸ ಮಾಡಲು ಕಟ್ಟಿದ ಸಾರವೆಯ ಮೇಲೆ ತಪ್ಪಾದರೆ ಏನು ಹಾಳಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಹೊತ್ತಿಗೆ ಸರಿಯಾಗಿ ಆಗುವ ಬಟವಾಡೆಯನ್ನು ನಾನು ಹೆಲ್ಮೆಟ್ಟಿನಷ್ಟೇ ಮುಖ್ಯವಾದ ಸುರಕ್ಷತಾ ಸಾಧನ ಎಂದು ಎಣಿಸುತ್ತೇನೆ.

ಮೇ ತಿಂಗಳ ಒತ್ತಡ ಬೇರೆ ಬಗೆಯದು. ಮೊದಲ ಮಳೆಗೆ ಮುಂಚೆ ಸ್ಲ್ಯಾಬ್ ಬೀಳಬೇಕು, ತಡೆಗೋಡೆ ಮುಗಿಯಬೇಕು. ಹೋಮ್‌ಸ್ಟೇ ಆದರೆ ದಸರೆಗೋ ಡಿಸೆಂಬರಿಗೋ ಬಾಗಿಲು ತೆರೆಯಬೇಕು. ಸ್ವಂತ ಮನೆಯಾದರೆ ಗೃಹಪ್ರವೇಶದ ಮುಹೂರ್ತ ಇಟ್ಟಾಗಿರುತ್ತದೆ. ಆ ದಿನಾಂಕ ಮಾಲೀಕರಿಂದ ಎಂಜಿನಿಯರಿಗೆ, ಅವರಿಂದ ಗುತ್ತಿಗೆದಾರರಿಗೆ, ಅಲ್ಲಿಂದ ಮೇಸ್ತ್ರಿಗೆ ಇಳಿಯುತ್ತ ಇಳಿಯುತ್ತ ಭಾರವಾಗಿ, ಕೊನೆಗೆ ಮಣ್ಣು ಹೊರುವವಳ ತಲೆಯ ಮೇಲೆ ಕೂರುತ್ತದೆ. ಕೆಲಸದ ಒತ್ತಡದ ಬಗ್ಗೆ ಅಧ್ಯಯನ ಮಾಡಿದ ಸಂಶೋಧಕ ರಾಬರ್ಟ್ ಕರಾಸೆಕ್ 1979ರಲ್ಲಿ ಅಮೆರಿಕ ಮತ್ತು ಸ್ವೀಡನ್ ದೇಶಗಳ ದುಡಿಮೆಗಾರರ ಮಾಹಿತಿಯಿಂದ ತೋರಿಸಿದ್ದು ಇದನ್ನೇ. ಕೆಲಸ ಕಷ್ಟದ್ದಾಗಿದ್ದ ಮಾತ್ರಕ್ಕೆ ಮನಸ್ಸು ಕೆಡುವುದಿಲ್ಲ. ಕೆಲಸ ವಿಪರೀತವಿದ್ದು, ಅದನ್ನು ಯಾವಾಗ, ಹೇಗೆ, ಎಷ್ಟು ಮಾಡಬೇಕು ಎಂಬುದರಲ್ಲಿ ತನ್ನ ಮಾತು ಏನೂ ನಡೆಯದಿದ್ದಾಗ ಕೆಡುತ್ತದೆ. ನಂತರ ಬಂದವರು ಇದಕ್ಕೆ ಮೂರನೆಯದೊಂದನ್ನು ಸೇರಿಸಿದರು, ಜೊತೆಯಲ್ಲಿರುವವರ ಆಸರೆ. ಅದೂ ಇಲ್ಲವಾದರೆ ಸ್ಥಿತಿ ಇನ್ನಷ್ಟು ಬಿಗಡಾಯಿಸುತ್ತದೆ.

ಶೆಡ್ಡಿನ ರಾತ್ರಿ

ಜೊತೆಯಲ್ಲಿರುವವರು ಯಾರು? ಅಸ್ಸಾಂ, ಪಶ್ಚಿಮ ಬಂಗಾಳ, ಬಿಹಾರ, ಜಾರ್ಖಂಡ್, ಒಡಿಶಾದಿಂದ ಬಂದವರು, ಉತ್ತರ ಕರ್ನಾಟಕದಿಂದ ಗಂಡ ಹೆಂಡತಿ ಮಕ್ಕಳ ಸಮೇತ ಬಂದವರು, ತಮಿಳುನಾಡಿನವರು, ಕೇರಳದವರು, ಸ್ಥಳೀಯರು. ಗೋಣಿಕೊಪ್ಪದ ಭಾನುವಾರದ ಸಂತೆಯಲ್ಲಿ ಒಂದು ಸುತ್ತು ಹಾಕಿದರೆ ಎಷ್ಟು ಭಾಷೆಗಳು ಕಿವಿಗೆ ಬೀಳುತ್ತವೆ ಎಂದು ಗೊತ್ತಾಗುತ್ತದೆ. ಸಂತೆಯಿಂದ ಮರಳಿದ ಮೇಲೆ ಅವರೆಲ್ಲ ಹೋಗುವುದು ರಸ್ತೆಯಿಂದ ದೂರ, ತೋಟದೊಳಗಿನ ಯಾವುದೋ ಇಳಿಜಾರಿಗೆ. ಅಲ್ಲಿ ತಗಡಿನ ಶೆಡ್ಡು, ಮೇಲೆ ನೀಲಿ ಟಾರ್ಪಾಲು. ಎಷ್ಟೋ ಕಡೆ ಆ ಶೆಡ್ಡು ಹಾಕಿರುವುದೂ ಕಡಿದ ಬರೆಯ ಪಕ್ಕದಲ್ಲೇ, ಯಾಕೆಂದರೆ ಮಟ್ಟವಾದ ಜಾಗ ಅಲ್ಲಿ ಬಿಟ್ಟರೆ ಬೇರೆ ಇಲ್ಲ. ಕತ್ತಲಾದ ಮೇಲೆ ಆನೆಯ ಭಯದಿಂದ ಹೊರಗೆ ಕಾಲಿಡುವಂತಿಲ್ಲ. ಮೊಬೈಲ್ ಸಂಪರ್ಕ ಸಿಗಬೇಕಾದರೆ ಮೇಲಿನ ತಿರುವಿನವರೆಗೆ ಹತ್ತಬೇಕು. ಹೆಂಡತಿಗೆ ಹೆರಿಗೆಯಾಯಿತೇ, ಅಪ್ಪನ ಜ್ವರ ಇಳಿಯಿತೇ ಎಂದು ತಿಳಿಯಲು ಬೆಳಗಾಗುವವರೆಗೆ ಕಾಯಬೇಕು.

ಹೀಗಿರುವಾಗ ನಿದ್ರೆ ಬರುವುದು ಹೇಗೆ? ನಿದ್ರೆಯ ವಿಷಯಕ್ಕೆ ನಾವು ಕೊಡುವ ಬೆಲೆ ತೀರಾ ಕಡಿಮೆ. 17 ಗಂಟೆ ಎಡೆಬಿಡದೆ ಎಚ್ಚರವಾಗಿರುವವನ ಕೈ ಕಣ್ಣುಗಳ ಹೊಂದಾಣಿಕೆ, ರಕ್ತದಲ್ಲಿ ಶೇ. 0.05 ಮದ್ಯಸಾರ ಇರುವವನ ಮಟ್ಟಕ್ಕೆ ಕುಸಿಯುತ್ತದೆ ಎಂದು 1997ರಲ್ಲೇ ಪ್ರಯೋಗ ಮಾಡಿ ತೋರಿಸಲಾಗಿದೆ. ನಮ್ಮಲ್ಲಿ ವಾಹನ ಓಡಿಸಲು ಕಾನೂನು ಒಪ್ಪುವ ಮಿತಿ ಶೇ. 0.03. ರಾತ್ರಿ ಹೊತ್ತಿನಲ್ಲೂ ನಿಲ್ಲದೆ ಸ್ಲ್ಯಾಬಿನ ಕಾಂಕ್ರೀಟ್ ಸಾಗಿಸಿದವನನ್ನು ಬೆಳಿಗ್ಗೆ ಮತ್ತೆ ಸಾರವೆಗೆ ಹತ್ತಿಸುವುದು ಕುಡಿದವನ ಕೈಗೆ ಜೀಪು ಕೊಟ್ಟಂತೆಯೇ.

ನಿದ್ರೆ ಬಾರದವನಿಗೆ ಹತ್ತಿರದಲ್ಲಿ ಸಿಗುವ ಔಷಧ ಮದ್ಯ. ಅದು ಬೇಗ ನಿದ್ರೆ ಬರಿಸುತ್ತದೆ, ನಿಜ. ಆದರೆ ರಾತ್ರಿಯ ಎರಡನೇ ಭಾಗದಲ್ಲಿ ಅದೇ ನಿದ್ರೆಯನ್ನು ಒಡೆಯುತ್ತದೆ, ದಿನಗಳೆದಂತೆ ಖಿನ್ನತೆಯನ್ನು ಹೆಚ್ಚಿಸುತ್ತದೆ. ‘ಬಟವಾಡೆ ಆದ ಕೂಡಲೇ ಕುಡಿಯುತ್ತಾರೆ, ಅವರನ್ನು ಏನು ಮಾಡುವುದು’ ಎಂದು ಮಾಲೀಕರು ಬೇಸರದಿಂದ ಹೇಳುವುದನ್ನು ಕೇಳಿದ್ದೇನೆ. ಕುಡಿತವನ್ನು ಬರೀ ದುರಭ್ಯಾಸವೆಂದು ಬದಿಗೆ ತಳ್ಳಿದರೆ ಅದರ ಹಿಂದಿನ ಗಾಬರಿ, ಒಂಟಿತನ, ಮೈನೋವು ಕಾಣದೆ ಉಳಿಯುತ್ತವೆ. ಒಂದು ಎಚ್ಚರಿಕೆಯನ್ನು ಇಲ್ಲೇ ಹೇಳಿಬಿಡಬೇಕು. ವರ್ಷಗಟ್ಟಲೆ ದಿನವೂ ಕುಡಿಯುತ್ತಿದ್ದವನನ್ನು ಒಂದೇ ದಿನದಲ್ಲಿ ಬಲವಂತವಾಗಿ ನಿಲ್ಲಿಸಬಾರದು. ಕೈ ನಡುಕ, ಬೆವರು, ಫಿಟ್ಸ್, ಬುದ್ಧಿಭ್ರಮಣೆ ಬಂದು ಜೀವಕ್ಕೇ ಅಪಾಯವಾಗಬಹುದು. ವೈದ್ಯರ ಮೇಲ್ವಿಚಾರಣೆಯಲ್ಲಿ ಔಷಧದ ನೆರವಿನಿಂದ ಬಿಡಿಸಬೇಕು.

ಹೆಂಗಸರ ಕಷ್ಟಕ್ಕೆ ಇನ್ನೂ ಒಂದು ಪದರವಿದೆ. ಶೌಚಾಲಯವಿಲ್ಲದ ನಿವೇಶನದಲ್ಲಿ ಅವರು ಬೆಳಗಿನಿಂದ ಸಂಜೆಯವರೆಗೆ ನೀರೇ ಕುಡಿಯದೆ ಕಳೆಯುತ್ತಾರೆ. ಮರಳಿನ ರಾಶಿಯ ಪಕ್ಕ ಮಲಗಿಸಿದ ಮಗುವಿನ ಮೇಲೆ ಒಂದು ಕಣ್ಣು, ತಲೆಯ ಮೇಲಿನ ಬಾಣಲಿಯ ಮೇಲೆ ಇನ್ನೊಂದು. ಕಿರುಕುಳ ನಡೆದರೆ ಹೇಳಬೇಕಾದದ್ದು ಕಿರುಕುಳ ಕೊಟ್ಟವನ ಬಳಿಯೇ ಎಂಬಂಥ ಪರಿಸ್ಥಿತಿ. ಹತ್ತಕ್ಕಿಂತ ಕಡಿಮೆ ಜನ ಕೆಲಸ ಮಾಡುವ ಜಾಗಗಳ ಮಹಿಳೆಯರೂ ದೂರು ಕೊಡಬಹುದಾದ ಸ್ಥಳೀಯ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇರಬೇಕೆಂದು ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಹೇಳುತ್ತದೆ. ನಿವೇಶನದಲ್ಲಿ ದುಡಿಯುವವಳಿಗೆ ಅದನ್ನು ಯಾರಾದರೂ ಅವಳ ಭಾಷೆಯಲ್ಲಿ ತಿಳಿಸಬೇಕು.

ಮೇಸ್ತ್ರಿಯ ಮೊದಲ ಉತ್ತರ

ಮೌನ ಎಲ್ಲಿಂದ ಹುಟ್ಟುತ್ತದೆ ಎಂದು ಹುಡುಕಿದರೆ ಸಾಮಾನ್ಯವಾಗಿ ಒಂದು ಸಣ್ಣ ಘಟನೆ ಸಿಗುತ್ತದೆ. ಹೊಸದಾಗಿ ಬಂದ ಹುಡುಗನೊಬ್ಬ ‘ಅಣ್ಣ, ಈ ಸಾರವೆಯ ಕಟ್ಟು ಸಡಿಲವಾಗಿದೆ’ ಎನ್ನುತ್ತಾನೆ. ‘ನಿನಗೆ ಹೆದರಿಕೆಯಾದರೆ ಊರಿಗೆ ಹೋಗು’ ಎಂಬ ಉತ್ತರ ಬರುತ್ತದೆ, ಉಳಿದವರು ನಗುತ್ತಾರೆ. ಅಷ್ಟೇ. ಆ ದಿನ ಅಲ್ಲಿ ನಿಂತಿದ್ದ ಹತ್ತು ಜನ ಪಾಠ ಕಲಿತರು. ಇನ್ನು ಮೇಲೆ ಯಾರೂ ಏನೂ ಹೇಳುವುದಿಲ್ಲ, ಹಗ್ಗದ ಬಗ್ಗೆಯೂ ಇಲ್ಲ, ಮನೆಯ ಸಂಕಟದ ಬಗ್ಗೆಯೂ ಇಲ್ಲ. ಸಡಿಲವಾದ ಹಗ್ಗವನ್ನು ಹೇಳಲಾಗದ ಜಾಗದಲ್ಲಿ ‘ನಾಲ್ಕು ರಾತ್ರಿಯಿಂದ ನಿದ್ರೆ ಇಲ್ಲ’ ಎಂದು ಹೇಳಿಕೊಳ್ಳುವುದು ದೂರದ ಮಾತು.

ಹಾಗೆಂದು ಎಲ್ಲವನ್ನೂ ಮೇಸ್ತ್ರಿಗಳ ತಲೆಗೆ ಕಟ್ಟುವುದು ಅನ್ಯಾಯ. ಅವರೂ ಒಂದು ಕಾಲದಲ್ಲಿ ಬಾಣಲಿ ಹೊತ್ತವರೇ, ಬೈಸಿಕೊಂಡೇ ಕೆಲಸ ಕಲಿತವರು. ಮೇಲಿನಿಂದ ಹಣ ಬರುವುದು ತಡವಾದರೆ ಆಳುಗಳ ಮುಖ ನೋಡಬೇಕಾದವರು ಅವರೇ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕೆಲಸದ ಜಾಗದ ಮಾನಸಿಕ ಆರೋಗ್ಯದ ಬಗ್ಗೆ ಹೊರಡಿಸಿದ ಮಾರ್ಗಸೂಚಿ, ಮೇಲ್ವಿಚಾರಕರಿಗೆ ತರಬೇತಿ ಕೊಡಿ, ಕೆಲಸದ ಪರಿಸ್ಥಿತಿಯನ್ನೇ ಬದಲಿಸಿ ಎಂದು ಹೇಳುತ್ತದೆ. ದುಡಿಯುವವನಿಗೆ ಉಸಿರಾಟದ ವ್ಯಾಯಾಮ ಕಲಿಸಿ ಕಳುಹಿಸಿದರೆ ಸಾಲದು.

ಮೇಸ್ತ್ರಿಗಳು ನಾಳೆ ಬೆಳಿಗ್ಗೆಯೇ ಮಾಡಬಹುದಾದ ಕೆಲಸ ಒಂದಿದೆ. ಕೆಲಸ ಶುರುವಾಗುವ ಮೊದಲು ಎಲ್ಲರನ್ನೂ ಐದು ನಿಮಿಷ ನಿಲ್ಲಿಸಿಕೊಂಡು, ‘ನಿನ್ನೆಗೂ ಇವತ್ತಿಗೂ ಏನು ಬದಲಾಗಿದೆ, ಎಲ್ಲಿ ನೀರು ಜಿನುಗುತ್ತಿದೆ, ಯಾವ ಕಟ್ಟು ಸಡಿಲವಾಗಿದೆ’ ಎಂದು ಕೇಳುವುದು. ‘ಎಲ್ಲ ಸರಿ ಇದೆಯಾ’ ಎಂದು ಕೇಳಿದರೆ ಕನ್ನಡ ಬಾರದವನೂ ‘ಸರಿ’ ಎನ್ನುತ್ತಾನೆ, ಆ ಒಂದು ಪದವನ್ನು ಎಲ್ಲರೂ ಮೊದಲ ದಿನವೇ ಕಲಿತಿರುತ್ತಾರೆ. ಯಾರಾದರೂ ಬಾಯಿ ಬಿಟ್ಟರೆ ಅವರ ಜೊತೆ ಹೋಗಿ ಆ ಜಾಗವನ್ನು ನೋಡಬೇಕು. ಅಲ್ಲಿ ಅಪಾಯವೇನೂ ಇಲ್ಲದಿದ್ದರೂ ‘ಹೇಳಿದ್ದು ಒಳ್ಳೆಯದಾಯಿತು’ ಎಂದು ಎಲ್ಲರ ಮುಂದೆ ಹೇಳಬೇಕು. ಕೆಲಸ ನಿಲ್ಲಿಸಿದ ಹೊತ್ತಿನ ಕೂಲಿ ಕಡಿಯಬಾರದು. ತಪ್ಪು ಎಚ್ಚರಿಕೆಗೆ ಕೊಟ್ಟ ಅರ್ಧ ಗಂಟೆಯ ಕೂಲಿ ಮುಂದೊಂದು ದಿನ ನಿಜವಾದ ಎಚ್ಚರಿಕೆ ಬರುವಂತೆ ಮಾಡುತ್ತದೆ.

ಮಾಲೀಕರ ಪಾಲೂ ಇದೆ. ಕೆಲಸದ ಹಂತಕ್ಕೆ ಸರಿಯಾಗಿ ಹಣ ಬಿಡುಗಡೆ ಮಾಡುವುದು, ಮಳೆಯಿಂದ ನಿಂತ ದಿನಗಳಿಗೆ ಗುತ್ತಿಗೆಯಲ್ಲೇ ಅವಕಾಶ ಇಡುವುದು, ಕಾಂಕ್ರೀಟಿನ ಮರುದಿನ ವಿಶ್ರಾಂತಿ ಕೊಡುವುದು, ಶೆಡ್ಡನ್ನು ಬರೆಯಿಂದ ದೂರ ಹಾಕಿಸುವುದು. ಲಕ್ಷಗಟ್ಟಲೆ ಬೆಲೆಯ ಅಡುಗೆ ಮನೆಯ ಕಪಾಟಿನ ಬಣ್ಣಕ್ಕೆ ನಾವು ಕೊಡುವ ಗಮನದ ಕಾಲು ಭಾಗವನ್ನು ಶೆಡ್ಡಿನ ಜಾಗಕ್ಕೆ ಕೊಟ್ಟರೂ ಎಷ್ಟೋ ವ್ಯತ್ಯಾಸವಾಗುತ್ತದೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ 2008ರಲ್ಲಿ ‘ಮೇಟ್ಸ್ ಇನ್ ಕನ್‌ಸ್ಟ್ರಕ್ಷನ್’ ಎಂಬ ಕಾರ್ಯಕ್ರಮ ಆರಂಭವಾಯಿತು. ಕಟ್ಟಡ ಕಾರ್ಮಿಕರಲ್ಲೇ ಕೆಲವರಿಗೆ, ಜೊತೆಗಾರ ಕುಗ್ಗಿದ್ದಾನೆಂದು ಗುರುತಿಸಲು, ಅವನ ಜೊತೆ ಕುಳಿತು ಮಾತನಾಡಲು, ನೆರವಿನ ಕಡೆಗೆ ಕೈಹಿಡಿದು ಕರೆದೊಯ್ಯಲು ಅಲ್ಲಿ ತರಬೇತಿ ಕೊಡುತ್ತಾರೆ. ಅಂಥವರ ಹೆಲ್ಮೆಟ್ಟಿನ ಮೇಲೆ ಒಂದು ಗುರುತಿನ ಚೀಟಿ ಇರುತ್ತದೆ. ಕೊಡಗಿನಲ್ಲಿ ಇಂಥದ್ದನ್ನು ಶುರು ಮಾಡುವವರು ಯಾರನ್ನು ಆರಿಸಬೇಕು ಎಂದು ನನ್ನನ್ನು ಕೇಳಿದರೆ ಶೆಡ್ಡಿನಲ್ಲಿ ಅಡುಗೆ ಮಾಡುವವರನ್ನು ತೋರಿಸುತ್ತೇನೆ. ಯಾರು ಎರಡು ದಿನದಿಂದ ಅನ್ನ ಬಿಟ್ಟೇಳುತ್ತಿದ್ದಾರೆ, ಯಾರು ಫೋನ್ ಬಂದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು ಎಂಬುದು ಎಲ್ಲರಿಗಿಂತ ಮೊದಲು ತಿಳಿಯುವುದು ಅವರಿಗೆ.

ಏನನ್ನು ಗಮನಿಸಬೇಕು, ಏನು ಕೇಳಬೇಕು

ದುಡಿಯುವ ಗಂಡಸು ‘ನನಗೆ ದುಃಖವಾಗಿದೆ’ ಎಂದು ಹೇಳುವುದು ಅಪರೂಪ. ತಲೆ ಭಾರ, ಎದೆ ಹೊಡೆದುಕೊಳ್ಳುತ್ತದೆ, ಮೈಕೈ ನೋವು, ಹೊಟ್ಟೆ ಸರಿಯಿಲ್ಲ ಎನ್ನುತ್ತಾನೆ. ಮಾತ್ರೆ ನುಂಗಿದರೂ ಅದು ಹೋಗುವುದಿಲ್ಲ. ಮೊದಲು ಚುರುಕಾಗಿದ್ದವನು ಅಳತೆ ತಪ್ಪುತ್ತಾನೆ, ಹೇಳಿದ್ದನ್ನು ಮರೆಯುತ್ತಾನೆ, ಸಣ್ಣ ಮಾತಿಗೆ ಸಿಡಿಯುತ್ತಾನೆ, ಊಟಕ್ಕೆ ಎಲ್ಲರ ಜೊತೆ ಕೂರುವುದಿಲ್ಲ. ನಿದ್ರೆ, ಹಸಿವು, ಆಸಕ್ತಿಗಳು ಎರಡು ವಾರಕ್ಕೂ ಮೀರಿ ಹೀಗೆ ಕುಸಿದಿದ್ದರೆ ಅದು ಖಿನ್ನತೆಯಾಗಿರಬಹುದು, ವೈದ್ಯರು ನೋಡಬೇಕು. ಅದಕ್ಕೆ ಚಿಕಿತ್ಸೆ ಇದೆ, ಬಹುತೇಕರು ಚೇತರಿಸಿಕೊಳ್ಳುತ್ತಾರೆ.

‘ನಾನಿಲ್ಲದಿದ್ದರೆ ಮನೆಯವರಿಗೆ ನೆಮ್ಮದಿ’ ಎಂಬಂಥ ಮಾತು, ತನ್ನ ವಸ್ತುಗಳನ್ನು ಹಂಚಿಬಿಡುವುದು, ಎಲ್ಲರಿಗೂ ವಿದಾಯ ಹೇಳಿದಂತೆ ಫೋನ್ ಮಾಡುವುದು ಕಂಡರೆ ನೇರವಾಗಿ ಕೇಳಬೇಕು: ‘ಸಾಯುವ ಯೋಚನೆ ಬರುತ್ತಿದೆಯಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಆಧಾರವಿಲ್ಲದ್ದು. ಕೇಳಿದ್ದರಿಂದ ಹಗುರವಾಗುವವರೇ ಹೆಚ್ಚು. ಹೌದು ಎಂದರೆ ಅವರನ್ನು ಒಂಟಿಯಾಗಿ ಬಿಡಬಾರದು, ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು. ಪೊಲೀಸ್ ಕೇಸ್ ಆಗುತ್ತದೆ ಎಂದು ಮುಚ್ಚಿಡುವ ರೂಢಿ ಇನ್ನೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಕಲಂ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಭಾವಿಸಬೇಕು, ಅವರನ್ನು ಶಿಕ್ಷಿಸಬಾರದು ಎನ್ನುತ್ತದೆ. ಅವರಿಗೆ ಆರೈಕೆ ಒದಗಿಸುವ ಹೊಣೆಯನ್ನು ಸರ್ಕಾರದ ಮೇಲೆ ಹೊರಿಸುತ್ತದೆ.

ಎಲ್ಲಿಗೆ ಹೋಗುವುದು? ಮಡಿಕೇರಿಯಲ್ಲಿ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಬೋಧಕ ಆಸ್ಪತ್ರೆ ಇದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡವಿದೆ. ಈ ಕಾರ್ಯಕ್ರಮದ ಮಾದರಿ ರೂಪುಗೊಂಡದ್ದೇ ನಮ್ಮ ಬಳ್ಳಾರಿಯಲ್ಲಿ, 1980ರ ದಶಕದಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗದಿಂದ ಎಂಬುದನ್ನು ಹೆಮ್ಮೆಯಿಂದಲೇ ನೆನೆಯಬೇಕು. ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನವನ್ನು ಅಲ್ಲೇ ವಿಚಾರಿಸಿಕೊಂಡು ಕಾರ್ಮಿಕರನ್ನು ಆ ದಿನ ಕಳುಹಿಸಬಹುದು. ಫೋನಿನಲ್ಲಿ ನೆರವು ಬೇಕಾದವರಿಗೆ 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಇದೆ. ಸಂಖ್ಯೆ 14416, ಹಗಲು ರಾತ್ರಿ ಯಾವ ಹೊತ್ತಿಗೂ ಉಚಿತ. ಕನ್ನಡದಲ್ಲಿ ಮಾತ್ರವಲ್ಲ, ಹಿಂದಿ, ಬಂಗಾಳಿ, ಅಸ್ಸಾಮಿ, ಒಡಿಯಾ, ತಮಿಳು, ಮಲಯಾಳಂ ಸೇರಿ 20 ಭಾಷೆಗಳಲ್ಲಿ ಸೇವೆ ದೊರೆಯುತ್ತದೆ. ಕನ್ನಡ ಬಾರದವನಿಗೆ ಅಳಲು ತನ್ನ ಭಾಷೆ ಸಿಕ್ಕುವುದು ಸಣ್ಣ ಸಂಗತಿಯಲ್ಲ. ಶೆಡ್ಡಿನ ಗೋಡೆಯ ಮೇಲೆ ಈ ಸಂಖ್ಯೆಯನ್ನು ಬರೆಸುವಾಗ, ಯಾವ ತಿರುವಿನಲ್ಲಿ ನಿಂತರೆ ಸಂಪರ್ಕ ಸಿಗುತ್ತದೆ ಎಂಬುದನ್ನೂ ಬರೆಸಬೇಕು.

ಕಾನೂನಿನ ಕಡೆಯಿಂದ ಒಂದೆರಡು ಮಾತು. ಕಟ್ಟಡ ಕಾರ್ಮಿಕರಿಗಾಗಿಯೇ 1996ರಲ್ಲಿ ಬಂದ ಕಾಯ್ದೆ, ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಕುಡಿಯುವ ನೀರು, ಶೌಚಾಲಯ, ಉಚಿತ ತಾತ್ಕಾಲಿಕ ವಸತಿ ಕೊಡಬೇಕೆಂದಿತು, ಹೆಚ್ಚುವರಿ ಹೊತ್ತಿಗೆ ಇಮ್ಮಡಿ ಕೂಲಿ ಕೊಡಬೇಕೆಂದಿತು. ಆ ಕಾಯ್ದೆಯನ್ನು ಈಗ 2020ರ ಕಾರ್ಮಿಕ ಸಂಹಿತೆಗಳೊಳಗೆ ಸೇರಿಸಲಾಗಿದೆ. ಕಟ್ಟಡದ ವೆಚ್ಚದ ಶೇ. 1ರಷ್ಟು ಸೆಸ್‌ನಿಂದ ನಡೆಯುವ ರಾಜ್ಯ ಕಲ್ಯಾಣ ಮಂಡಳಿಯಲ್ಲಿ, 18ರಿಂದ 60 ವರ್ಷದೊಳಗಿನ, ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಯಾರೂ ನೋಂದಾಯಿಸಿಕೊಳ್ಳಬಹುದು, ಹೊರ ರಾಜ್ಯದವರೂ ಸೇರಿ. ಕಾರ್ಮಿಕ ಸಹಾಯವಾಣಿ 155214. ಮನಸ್ಸಿನ ಆರೋಗ್ಯದ ಲೇಖನದಲ್ಲಿ ನೋಂದಣಿಯ ವಿಷಯ ಯಾಕೆ ಎಂದರೆ, ಬಿದ್ದರೆ ಮನೆಯವರಿಗೆ ಏನಾದರೂ ಸಿಗುತ್ತದೆ ಎಂಬ ನಂಬಿಕೆ ಇದ್ದವನ ನಿದ್ರೆಯೇ ಬೇರೆ. 90 ದಿನದ ಕೆಲಸಕ್ಕೆ ದೃಢೀಕರಣ ಬರೆದುಕೊಡಲು ಹಿಂಜರಿಯುವ ಗುತ್ತಿಗೆದಾರರು ಇದನ್ನು ಯೋಚಿಸಲಿ.

ಅಪಘಾತದ ಮರುದಿನ

ಜೊತೆಗಾರನನ್ನು ಮಣ್ಣಿನಡಿಯಿಂದ ಎಳೆದವರು ಮರುದಿನ ಅದೇ ಜಾಗದಲ್ಲಿ ಗುದ್ದಲಿ ಹಿಡಿಯಬೇಕಾದ ಪರಿಸ್ಥಿತಿ ಬಹಳ ಕಡೆ ಇದೆ. ಕೆಲವರಿಗೆ ಆ ದೃಶ್ಯ ಕಣ್ಣ ಮುಂದೆ ಮತ್ತೆ ಮತ್ತೆ ಬರುತ್ತದೆ, ಸಣ್ಣ ಸದ್ದಿಗೂ ಬೆಚ್ಚುತ್ತಾರೆ. ಮೊದಲ ದಿನಗಳಲ್ಲಿ ಇದು ಸಹಜ, ಹೆಚ್ಚಿನವರಲ್ಲಿ ತಾನಾಗಿ ಇಳಿಯುತ್ತದೆ. ತಿಂಗಳು ಕಳೆದರೂ ಉಳಿದರೆ ಚಿಕಿತ್ಸೆ ಬೇಕು. ಎಲ್ಲರನ್ನೂ ಕೂಡಿಸಿ ‘ಏನಾಯಿತು, ಏನು ಕಂಡೆ’ ಎಂದು ಬಲವಂತವಾಗಿ ಹೇಳಿಸುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪುವುದಿಲ್ಲ. ಬಿಸಿ ಊಟ, ಮನೆಗೆ ಒಂದು ಫೋನ್, ಹೇಳಬೇಕೆಂದವರಿಗೆ ಕೇಳುವ ಕಿವಿ, ಕೂಲಿ ಕಡಿಯದ ಎರಡು ಮೂರು ದಿನಗಳ ಬಿಡುವು ಇವೇ ಮೊದಲ ಔಷಧ. 2018ರಲ್ಲಿ ಮನೆ ಕಳೆದುಕೊಂಡ ಊರುಗಳ ಜನರಿಗೆ, ಜೋರು ಮಳೆಯ ರಾತ್ರಿ ಇವತ್ತಿಗೂ ಎಚ್ಚರವಾಗಿ ಕೂರುವವರಿಗೆ, ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಚಿಕಿತ್ಸೆ ಪಡೆದು ಮರಳಿ ಬರುವವರ ವಿಷಯವನ್ನು ಯಾರೂ ಮಾತನಾಡುವುದಿಲ್ಲ. ಕೆಲವು ಮಾತ್ರೆಗಳು ಮೊದಲ ವಾರಗಳಲ್ಲಿ ತೂಕಡಿಕೆ ತರುತ್ತವೆ, ಎದ್ದು ನಿಂತಾಗ ತಲೆ ಸುತ್ತುವುದೂ ಉಂಟು. ಅದಕ್ಕೇ ‘ಮಾತ್ರೆ ತಿನ್ನುವವನು ಸಾರವೆಗೆ ಆಗುವುದಿಲ್ಲ’ ಎಂದು ಮನೆಗೆ ಕಳುಹಿಸಿಬಿಡುತ್ತಾರೆ. ಕಳುಹಿಸುತ್ತಾರೆಂಬ ಭಯಕ್ಕೆ ಅವನು ಮಾತ್ರೆಯನ್ನೇ ನಿಲ್ಲಿಸುತ್ತಾನೆ, ಕಾಯಿಲೆ ಮರುಕಳಿಸುತ್ತದೆ. ವೈದ್ಯರನ್ನು ಕೇಳಿ, ಅವರು ಹೇಳುವವರೆಗೆ ಎತ್ತರದ ಕೆಲಸ, ಕಟ್ಟರ್ ಯಂತ್ರ, ಆಳದ ಪಾಯ ಬಿಟ್ಟು ನೆಲದ ಮೇಲಿನ ಕೆಲಸ ಕೊಡಬಹುದು. ಕಂಬಿ ಅಳತೆ ಮಾಡುವುದು, ಕ್ಯೂರಿಂಗಿಗೆ ನೀರು ಹಾಕುವುದು, ಇಟ್ಟಿಗೆಯ ಲೆಕ್ಕ ಇಡುವುದು. ಕೂಲಿ ಮೊದಲಿನದೇ ಇರಲಿ. ಮತ್ತೆ ಮೇಲೆ ಹತ್ತುವ ದಿನವನ್ನು ಅವನನ್ನು ಕೇಳಿಯೇ ನಿರ್ಧರಿಸಲಿ, ಆ ಮೊದಲ ದಿನ ಅನುಭವಸ್ಥನೊಬ್ಬ ಅವನ ಜೊತೆ ಇರಲಿ.